ಮರಿ ಮಲಗಿದ ಜಾಗ

ಸಂಖದ ಆಚೆ ದಿಬ್ಬದ ಮೇಲೆ ಪವನಚಕ್ಕಿ ಹದಿನೇಳು.
ಒಂದರ ರೆಕ್ಕೆ ಹೋದ ಆಷಾಢದಲ್ಲಿ ಮುರಿಯಿತು.

ಮುರಿಯಿತು ಅನ್ನುವುದು ಊರಿನ ಮಾತು.
ಮೊದಲು ಹಿಂಬದಿಯ ತೊಗಲು ಸುಕ್ಕಾಯಿತು,
ಬಲ ಸಾಲದೆ ಅಲ್ಲ,
ನೆಟ್ಟಗೆ ಇರುವುದು ಸಾಕಾಗಿ;
ಆಮೇಲೆ ಅಂಟು ಕೈಬಿಟ್ಟಿತು,
ಪದರದಿಂದ ಪದರ ಎದ್ದು ಬಂತು,
ಮುರಿದದ್ದು ಎಲ್ಲಕ್ಕೂ ಕೊನೆಗೆ.
ಮೂರು ವರ್ಷದಿಂದ ನಾನು ಬರೆಯುತ್ತಿರುವುದು
ಆ ಸುಕ್ಕಿಗೂ ಆ ಸದ್ದಿಗೂ ನಡುವಿನ ಅರೆಗಳಿಗೆ.

ಕಂಪನಿಯವರು ಕೊಯ್ದು ಒಯ್ದರು.
ಲಾರಿಗೆ ಹಿಡಿಸದ ತುಂಡೊಂದು ಅಮೋಗಿಯ ಹಟ್ಟಿಯಲ್ಲಿ ಉಳಿಯಿತು,
ಎಂಟು ಮೀಟರಿಗೆ ಒಂದು ಗೇಣು ಕಡಿಮೆ,
ಎರಡು ಕಲ್ಲುಗುಂಪೆಗಳ ಮೇಲೆ ಅಡ್ಡ ಮಲಗಿ.
ಅದರ ಮೇಲೆ ಒಣಗುವ ಉಣ್ಣೆ, ಒಂದು ತಂಬಿಗೆ, ಆಡಿನ ಹಿಕ್ಕೆ.

ನಾನು ಬಂದೆ: ಸುತ್ತಿಗೆ, ಮೇಣ, ಉಗುರಿನಷ್ಟು ಸಂವೇದಕ,
ಲ್ಯಾಪ್‌ಟಾಪಿನಲ್ಲಿ ಇದೇ ತುಂಡಿನ ನೆರಳು,
ನಲವತ್ತು ಸಾವಿರ ಚೌಕಗಳಾಗಿ ಕತ್ತರಿಸಿದ್ದು,
ಗಾಜಿನ ನಾರು ಯಾವ ಪದರದಲ್ಲಿ ಯಾವ ಓರೆಗೆ ಎಂದು
ಒಂದೊಂದಕ್ಕೂ ಹೇಳಿಕೊಟ್ಟದ್ದು.
ನೆರಳು ನಡುಗುವುದು ನನಗೆ ಬಾಯಿಪಾಠ:
ತುದಿಗಳೆರಡೂ ಏಳುತ್ತವೆ, ನಡು ಇಳಿಯುತ್ತದೆ,
ಮಧ್ಯೆ ಎಲ್ಲೋ ಎರಡು ಗೆರೆ ಮಾತ್ರ
ಏಳುವುದೂ ಇಲ್ಲ, ಇಳಿಯುವುದೂ ಇಲ್ಲ.

"ಕಲ್ಲು ಇಲ್ಲೇ ಯಾಕ ಇಟ್ಟಿ ಮುತ್ಯಾ? ತುದೀಗಿ ಯಾಕ ಇಡಲಿಲ್ಲ?"

ಅಮೋಗಿ ತಂಬಾಕು ತಿಕ್ಕಿದ.
"ಮೊದ್ಲ ಕಣಿಕಿ ಹೊರೀ ಮ್ಯಾಲ ಒಗದಿದ್ನಿ.
ರಾತ್ರಿ ಗಾಳಿಗಿ ಥರಥರ ಅಂತಿತ್ತು, ಜ್ವರ ಬಂದಾಂವ್ನ ಗತೆ.
ಆಡಿನ ಮರಿ ಎರಡು ಹತ್ತಿ ಮಲಗಾವು.
ಇಲ್ಲಿ ಮಲಗಿ ಏಳಾವು, ಅಲ್ಲಿ ಮಲಗಿ ಏಳಾವು.
ನಾಕನೇ ದಿನ ಒಂದು ಇಲ್ಲಿ, ಒಂದು ಅಲ್ಲಿ,
ಮುಂಜಾನಿತನ ಏಳಲಿಲ್ಲ.
ಅವುರ ಹೊಟ್ಟಿ ಕೆಳಗ ಕಲ್ಲ ಇಟ್ಟೆ. ಮತ್ತೇನೈತಿ."

ನಾವೂ ಇದನ್ನೇ ಮಾಡುತ್ತೇವೆ ಪ್ರಯೋಗಾಲಯದಲ್ಲಿ,
ರಬ್ಬರಿನ ಹಗ್ಗಕ್ಕೆ ತೂಗುಹಾಕಿ, ಯಾವುದೂ ಹಿಡಿದುಕೊಳ್ಳದಂತೆ.
ಕಣಿಕೆಯ ಹೊರೆ ಹೊಳೆದಿರಲಿಲ್ಲ.

ಟೇಪು ಹಿಡಿದೆ.
ದಪ್ಪ ತುದಿಯ ಕಲ್ಲಿಗೂ ನನ್ನ ಗೆರೆಗೂ ಬೆರಳಂತರ.
ಸಣ್ಣ ತುದಿಯದು ಒಂದು ಗೇಣು ಆಚೆ.
ಮರಿ ತಪ್ಪಿತು, ಅಂದುಕೊಂಡೆ, ಹೇಳಲಿಲ್ಲ.
ಕಲ್ಲು ತೆಗೆಸಿ, ಹೊರೆ ತರಿಸಿ, ಆರು ಜನ ಹಿಡಿದು ಮತ್ತೆ ಮಲಗಿಸಿ
ನಲವತ್ತೆಂಟು ಕಡೆ ತಟ್ಟಿದೆ,
ಬಿಸಿಲಿಗೆ ಮೇಣ ಜಾರುತ್ತ, ಸಂವೇದಕ ಉದುರುತ್ತ.

ಮರಿ ತಪ್ಪಿರಲಿಲ್ಲ.

ಆಗ ರೂಪಾಯಿ ನಾಣ್ಯ ತೆಗೆದು
ಸಣ್ಣ ತುದಿಯುದ್ದಕ್ಕೂ ಬಡಿಯುತ್ತ ಹೋದೆ.
ಟಣ್. ಟಣ್. ಟಣ್.
ಡೊಬ್.
ಇನ್ನೊಂದು ಮೊಳ, ಅಲ್ಲೂ ಡೊಬ್.
ಒಳಗೆ ಬೇರೆಯಾದ ಪದರಗಳು
ಹೊರಗೆ ಒಂದೇ ಬಿಳಿ ಬಣ್ಣದಲ್ಲಿ ಕೂತಿದ್ದವು.
ನನ್ನ ನೆರಳಿನಲ್ಲಿ ಅವಿನ್ನೂ ಒಟ್ಟಿಗಿವೆ.
ನಾನೇ ಅಂಟಿಸಿದ್ದು, ಒಂದೇ ಸಾಲಿನಲ್ಲಿ:
ಪದರಗಳು ಪೂರ್ತಿ ಕೂಡಿವೆ ಎಂದು ಭಾವಿಸಿ.
ಅದನ್ನು ಬರೆದ ದಿನ ಸಾಂಗಲಿಯಲ್ಲಿ ಕರೆಂಟು ಹೋಗಿತ್ತು,
ನನಗೆ ಹಸಿವಾಗಿತ್ತು.

ಅಮೋಗಿಯ ಮಗಳು ಮಾಳವ್ವ ಚಹಾ ತಂದಳು, ನೋಡಿದಳು,
ಹೆಗಲ ಕಂಬಳಿಯ ಒಂದು ಮೂಲೆ ನನ್ನ ಕೈಗಿಟ್ಟಳು.
"ನೆಟ್ಟಗ ಜಗ್ಗು." ಬರಲಿಲ್ಲ.
"ಈಗ ಓರಿ ಜಗ್ಗು." ಬಂತು.
ಇದಕ್ಕೆ ನನ್ನಲ್ಲಿ ಒಂದು ಅಧ್ಯಾಯವಿದೆ,
ನಲವತ್ತೈದು ಡಿಗ್ರಿಯ ಮೇಲೆ, ಅರವತ್ತು ಪುಟ.
ಚಹಾ ಆರುತ್ತಿತ್ತು, ಕುಡಿದೆ.

ಸಂಜೆ ಕಲ್ಲುಗಳು ಅವೇ ಜಾಗಕ್ಕೆ ಮರಳಿದವು.
ಗಾಳಿ ಎದ್ದಿತು. ದಿಬ್ಬದ ಮೇಲೆ ಹದಿನಾರು ತಿರುಗತೊಡಗಿದವು.
ಮರಿಗಳು ಹತ್ತಿ, ಒಂದು ಇಲ್ಲಿ, ಒಂದು ಅಲ್ಲಿ,
ಕಾಲು ಮಡಚಿಕೊಂಡವು.
ಆ ಸಾಲನ್ನು ಅಳಿಸಿದೆ. ಅದರ ಜಾಗದಲ್ಲಿ ಇನ್ನೂ ಏನೂ ಬರೆದಿಲ್ಲ.

ಪ್ರಬಂಧದ ಮೊದಲಲ್ಲಿ ಕೃತಜ್ಞತೆಗೆಂದು ಒಂದು ಹಾಳೆ ಇರುತ್ತದೆ.
"ಇವಕ್ಕ ಹೆಸರೇನು ಮುತ್ಯಾ?" ಕೇಳಿದೆ.

"ಮಾರೂ ಮರಿಗಿ ಹೆಸರ ಇಡಬಾರದವ್ವಾ."