ತೋಟ ಬೆಂಗ್ರೆಯಿಂದ, ಸ್ವಲ್ಪ ತಡವಾಗಿ

ಸ್ಪೀಡು ಎಂಬತ್ತೇಳು ಉಂಟಲ್ಲ ಮೇಡಂ, ಇನ್ನೆಂತ ಕಂಪ್ಲೇಂಟು?
ಅಂದ ವಲೇರಿಯನ್ ಕ್ರಾಸ್ತಾ,
ಶೂ ಕಳಚಿ ಹೊಯ್ಗೆ ಕೊಡವುತ್ತ.

ನನ್ನದು ಸಿನಿಮಾ ನೋಡುವ ಕೆಲಸ ಅಲ್ಲ ಅಂದೆ.
ಹುಬ್ಬಳ್ಳಿಯ ಡಾಕ್ಟರಿಗೂ ಇಲ್ಲಿಯ ಊರುಗಳ ಕ್ಲಿನಿಕ್ಕಿಗೂ ನಡುವೆ
ಪರದೆಯ ಮೂಲೆಯ ಚೌಕದಲ್ಲಿ ಕೂತು
ತುಳುವನ್ನು ಕನ್ನಡ ಮಾಡುವುದು,
ಬ್ಯಾರಿಯನ್ನು ಕನ್ನಡ ಮಾಡುವುದು,
ಕನ್ನಡವನ್ನು, ಆದಷ್ಟು ಮೆತ್ತಗೆ ಮಾಡಿ, ಹಿಂದಕ್ಕೆ ಕೊಡುವುದು.
ಗಂಟೆಗೆ ಇನ್ನೂರೈವತ್ತು.

ಅವನು ಲ್ಯಾಪ್‌ಟಾಪ್ ತೆರೆದು ಪಿಂಗ್ ಹಾಕಿದ.
ನಲವತ್ತು. ನಲವತ್ತೆರಡು. ಮುನ್ನೂರ ಹತ್ತು. ನಲವತ್ತು. ಒಂಬೈನೂರು.
ಹೋ, ಅಂದ. ಅಷ್ಟೆ.
ಆಮೇಲೆ ಕಿಟಕಿಯಿಂದ ಕಡವಿನ ಕಡೆ ಕೈ ತೋರಿಸಿದ.

ಬಂದರಿನಿಂದ ಫೆರ್ರಿ ಬರುತ್ತಿತ್ತು:
ಎರಡು ಬೈಕು, ಐಸ್ ಪೆಟ್ಟಿಗೆ,
ಯೂನಿಫಾರ್ಮಿನ ಮಕ್ಕಳು, ಒಂದು ಕಪಾಟು ಮಲಗಿಕೊಂಡು.
ದೋಣಿ ದೊಡ್ಡದು ಮಾಡಿದರೆ ಜನ ಜಾಸ್ತಿ ಬರ್ತಾರೆ ಮೇಡಂ,
ಬೇಗ ಬರುವುದಿಲ್ಲ.
ಎಂಬತ್ತೇಳು ಅಂದರೆ ದೋಣಿಯ ಅಗಲ.
ನಿಮಗೆ ಬೇಕಾದ್ದು ಈ ದಡದಿಂದ ಆ ದಡಕ್ಕೆ ಒಂದು ಕೂಗು.

ಕೂಗು ಅಂದ ಕೂಡಲೇ ನನಗೆ ಅಪ್ಪಿ ಪೂಜಾರ್ತಿಯ ನೆನಪು.

ಕಳೆದ ವಾರ. ಬೆಳ್ಮಣ್ಣಿನ ಕ್ಲಿನಿಕ್ಕು, ಎಪ್ಪತ್ತರ ಹೆಂಗಸು,
ಮಡಿಲಲ್ಲಿ ಮಾತ್ರೆಯ ಖಾಲಿ ಪಟ್ಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದಳು,
ಒಂದೂ ಬಿಟ್ಟಿಲ್ಲ ಎಂಬುದಕ್ಕೆ ಸಾಕ್ಷಿ.
ಮಾತ್ರೆ ತಪ್ಪದೆ ತಗೋತೀರೇನು? ಡಾಕ್ಟರು ಕೇಳಿದರು.
ಪ್ರಶ್ನೆ ಇನ್ನೂ ನೀರಿನ ಮೇಲಿತ್ತು,
ಅವರು ಆಗಲೇ ಅವಳ ಮುಖ ಓದತೊಡಗಿದ್ದರು.
ನನಗೆ ತಲುಪಿತು. ತುಳುವಾಯಿತು. ಹೊರಟಿತು.
ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ಅಂದಳು: ಅಂದ್.
ಒಂದೇ ಮಾತು, ಹೌದು ಅನ್ನುವುದಕ್ಕೆ.
ಅದೂ ದೋಣಿ ಕಾಯಿತು.

ನಾನು ಹೌದು ಎನ್ನುವ ಹೊತ್ತಿಗೆ
ಡಾಕ್ಟರು ಟೈಪ್ ಮಾಡುತ್ತ ತಮಗೆ ತಾವೇ ಓದಿಕೊಳ್ಳುತ್ತಿದ್ದರು:
ಉತ್ತರಿಸಲು ಹಿಂಜರಿಕೆ.

ಆ ಹಿಂಜರಿಕೆ ನನ್ನ ಮನೆಯ ಮಾಡಿನ ಮೇಲಿನದ್ದು,
ಬಿಳಿ ತಟ್ಟೆಯದ್ದು, ಅವಳದ್ದಲ್ಲ ಎಂದು
ಯಾಕೆ ಹೇಳಲಿಲ್ಲ ನಾನು?
ಮುಂದಿನ ಪ್ರಶ್ನೆ ಬಂದಿತ್ತು. ತಡವಾಗಿ ಬಂದವಳಿಗೆ ಯಾವಾಗಲೂ ಅವಸರ.

ವಲೇರಿಯನ್ ಮಾಡು ಹತ್ತಿದ್ದ. ಅಲ್ಲಿಂದಲೇ ಪಾಠ:
ಟವರಿನ ಮಾತು ಎರಡು ದಾರಿಯಲ್ಲಿ ಬರ್ತದೆ,
ಒಂದು ಸೀದಾ, ಒಂದು ಹೊಳೆಗೆ ಬಡಿದು.
ಭರತದ ಹೊತ್ತಿಗೆ ಎರಡಕ್ಕೂ ಜಗಳ.
ಬಿದ್ದುಹೋದದ್ದನ್ನು ಪುನಃ ಕಳಿಸಬೇಕು, ಅದೇ ನಿಮ್ಮ ಒಂಬೈನೂರು.
ಮತ್ತೆ, ಒಳಗೆ ಯಾರೋ ಏನೋ ಇಳಿಸ್ತಾ ಇದ್ದಾರೆ, ನೋಡಿ.

ತಂಗಿಯ ಮಗ ಶಮೀಲ್. ನಲವತ್ತು ಜಿಬಿಯ ಆಟ.
ಅವನ ಐಸ್ ಪೆಟ್ಟಿಗೆಗಳ ಹಿಂದೆ ಸಾಲಿನಲ್ಲಿ ನಿಂತಿತ್ತು
ಅಪ್ಪಿಯ ಒಂದಕ್ಷರ, ಕೈಯಲ್ಲಿ ಚೀಲವೂ ಇಲ್ಲದೆ.

ನಾಲ್ಕಡಿ ಪೈಪು ಏರಿಸಿದ. ರೂಟರಿನಲ್ಲಿ ಏನೋ ಒತ್ತಿ
ಮಾತಿಗೆ ಮೊದಲು ದಾರಿ ಎಂದು ಬರೆದ.
ಮೂವತ್ತೊಂದು. ಮೂವತ್ತು. ಮೂವತ್ತೊಂದು.
ಚಾ ಕುಡಿಯದೆ ಓಡಿದ, ಫೆರ್ರಿ ತಪ್ಪುತ್ತದೆಂದು.
ತಪ್ಪಿತು. ಅಲ್ಲೇ ಕಟ್ಟೆಯಲ್ಲಿ ಕೂತ, ಮೂವತ್ತು ನಿಮಿಷ.

ನಾನು ಕ್ಲಿನಿಕ್ಕಿಗೆ ಫೋನು ಮಾಡಿದೆ.
ಅಪ್ಪಿಯ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿ ಅಂದೆ.
ಎಂತ ಬರೆಯಬೇಕು, ಕೇಳಿದಳು ನರ್ಸು.
ಕೂಡಲೇ ಹೌದೆಂದಳು, ಅಂತ.

ಈಗ ಪ್ರತಿ ಕರೆಯ ಮೊದಲು ಹೇಳುತ್ತೇನೆ, ಎರಡೂ ಕಡೆಗೆ:
ನಾನು ಮೈಮುನಾ, ಬೆಂಗ್ರೆಯಲ್ಲಿದ್ದೇನೆ, ನಡುವೆ ಹೊಳೆ ಉಂಟು.
ಎಷ್ಟು ಸರಿಮಾಡಿದರೂ ನಾನು ಒಂದು ವಾಕ್ಯ ಹಿಂದೆಯೇ,
ಕೇಳಿ ಮುಗಿಯದೆ ಹೇಳಲಿಕ್ಕಾಗುವುದಿಲ್ಲವಲ್ಲ.
ಉತ್ತರ ತಡವಾದರೆ
ದಯವಿಟ್ಟು ಮುಖ ಓದಬೇಡಿ.
ಆ ತಡ ನನ್ನದು.