ಙ ಕೇಳಿದವರು

"ಇದರಲ್ಲಿ ಹೊಸತೇನು?" ಪೇಟೆಂಟ್ ವಕೀಲರು ಫೋನಿನಲ್ಲಿ.
ಒಂದೇ ವಾಕ್ಯದಲ್ಲಿ ಹೇಳಬೇಕಂತೆ,
ನಡುವೆ ಪೂರ್ಣವಿರಾಮ ಕೂಡದಂತೆ.
ಸವಳಂಗ ರಸ್ತೆಯ ಈ ಮಹಡಿಯ ಕೆಳಗೆ
ಟಯರಿಗೆ ಗಾಳಿ ತುಂಬುವ ಸದ್ದು.
ಬಾಯಿ ತೆರೆದೆ, ವಾಕ್ಯ ಹೊರಡಲಿಲ್ಲ.
ಮಂಡಗದ್ದೆಯಿಂದ ಶುರುಮಾಡಲೇ?

ಒತ್ತು ಉದುರಿದ ಮೊಬೈಲಿನಲ್ಲಿ ಅದು ಮಂಡಗದೆ.
ಗದ್ದೆ ಅಳೆಯಲು ಬರುತ್ತೇವೆಂಬ ನೋಟೀಸು
ಗದೆ ಅಳೆಯಲು ಬರುತ್ತೇವೆಂದಾಗಿ,
ಸರ್ವೆಯವನು ಸರಪಳಿ ಹೊತ್ತು ಇಳಿದ ದಿನ
ಪಡ್ಡೆಹುಡುಗರು ಅವನನ್ನು ಭೀಮಣ್ಣ ಅಂದರು.
ನಗೆಯಲ್ಲೇ ಮುಗಿಯುತ್ತಿತ್ತು.
ಆದರೆ ಹಾಳೆಯ ಬುಡದಲ್ಲಿ ಸಾಲಾಗಿ ಹದಿನೇಳು ಖಾಲಿ ಚೌಕ:
ಒಳಗೆ ಯಾರದೋ ಹೆಸರು, ಯಾರದೋ ಗಡಿ.
ಅಕ್ಷರ ಎಲ್ಲೋ ಇತ್ತು. ತಲುಪಿರಲಿಲ್ಲ.

ಅಕ್ಷರವೆಂದರೆ ನಮ್ಮಲ್ಲಿ ದಸ್ತಗೀರ್ ಸಾಹೇಬರದು.
ಬಿ.ಎಚ್. ರಸ್ತೆಯ ಅರ್ಧ ಬೋರ್ಡು, ಎಪ್ಪತ್ತು ಲಾರಿಗಳ ಹಣೆ
ಅವರ ಕೈಯವು.
ಫ್ಲೆಕ್ಸ್ ಬಂದಮೇಲೆ ಬ್ರಷ್ಷಿಗೆ ಸೀಮೆಎಣ್ಣೆಯಲ್ಲೇ ನಿದ್ದೆ.
ಬೋರ್ಡು ಬೋರ್ಡಿನ ಫೋಟೋ ಹಿಡಿದು
ತಲೆಕಟ್ಟು, ಗುಡಿಸು, ಕೊಂಬು, ವಟ್ರಸುಳಿ
ಒಂದೊಂದಾಗಿ ಬಿಡಿಸಿಕೊಂಡೆವು.
ಙ ಮಾತ್ರ ಯಾವ ಅಂಗಡಿಯ ಮೇಲೂ ಸಿಗಲಿಲ್ಲ.
ಬರೆದುಕೊಡಿ ಅಂದರೆ ಎರಡು ದಿನ ಗೊಣಗಿದರು:
"ಇದು ಯಾವ ಅಂಗಡಿಗೆ ತಾಯಿ? ಯಾರು ಕೊಳ್ತಾರೆ ಇದನ್ನ?"
ಮೂರನೇ ದಿನ ಬರೆದರು.
ಬಾಲ ತುಸು ಉದ್ದ. ಸಿಟ್ಟಿರಬೇಕು.

ಯಂತ್ರದ ಬುದ್ಧಿ ಇಷ್ಟೇ, ವಕೀಲರೇ:
ಒಗ್ಗರಣೆಗೆ ಸಾಸಿವೆ ಬೇಕಾದರೆ
ದಿನಸಿ ಅಂಗಡಿಯನ್ನೇ ಯಾರೂ ಮನೆಗೆ ಹೊರುವುದಿಲ್ಲ.
ಹಾಳೆ ಮೊದಲು ಚೀಟಿ ಕಳಿಸಬೇಕು:
ಗ ಬೇಕು, ದ ಬೇಕು, ದಕ್ಕೆ ದ ಒತ್ತು ಬೇಕು.
ಅಷ್ಟನ್ನೇ ಪೊಟ್ಟಣ ಕಟ್ಟುತ್ತೇವೆ,
ಒತ್ತನ್ನು ಅಕ್ಷರದ ಕಾಲಿಗೇ ಬಿಗಿದು, ದಾರಿಯಲ್ಲಿ ಕಳಚದ ಹಾಗೆ.
ಆಗುಂಬೆಯ ತಿರುವಿನಲ್ಲಿ ಸಿಗ್ನಲ್ ಒಂಟಿ ಕಡ್ಡಿ ನಿಂತಿದ್ದರೂ
ಮೂವತ್ತು ಅಕ್ಷರ ಘಾಟಿ ಹತ್ತುತ್ತವೆ.
ಹೋದದ್ದು ಅಲ್ಲೇ ಉಳಿಯುತ್ತದೆ;
ನಾಳೆಗೆ, ಇಲ್ಲದ್ದಷ್ಟೇ ಹೊರಡುತ್ತದೆ.
ಅಕ್ಷರಕ್ಕೆ ಎರಡು ಪೈಸೆ ಸಾಹೇಬರ ಖಾತೆಗೆ.
ಇಡೀ ಮಾಲೆಯನ್ನೇ ಒಮ್ಮೆಗೆ ಕೇಳಿದವರು ಕಳ್ಳರು, ಬಾಗಿಲು ಹಾಕು:
ಇದನ್ನೂ ನಾನೇ ಬರೆದೆ. ಹನ್ನೊಂದನೇ ಕಲಮು.
ಜಂಬದಿಂದಲೇ ಬರೆದೆ.

ಜುಲೈಯ ಒಂದು ಮಂಗಳವಾರ ರಾತ್ರಿ ಬಾಗಿಲು ಬಿತ್ತು.
ಮೇಗರವಳ್ಳಿ ಕಡೆಯ ಫೋನು.
ಅ ಇಂದ ಳ ವರೆಗೆ, ಒಂದೂ ಬಿಡದೆ, ಆರು ಸಲ ತಟ್ಟಿದೆ.
ಕಳ್ಳ ಇಷ್ಟು ಸಾಲುಹಿಡಿದು ಕೇಳುತ್ತಾನೆಯೇ?
ಖಾತೆಯಲ್ಲಿದ್ದ ನಂಬರಿಗೆ ಕರೆ ಮಾಡಿದೆ.
ಎತ್ತಿದ್ದು ಸುಗುಣಾವತಿ, ಅಂಗನವಾಡಿಯವರು.
ಗೋಡೆಯ ಪಟ ಗೆದ್ದಲು ತಿಂದಿತ್ತು, ಹೊಸದು ಮಾಡಲು ಕೂತಿದ್ದರು.
ದನಿ ಸಣ್ಣದಾಯಿತು:
"ಏಳು ಮಕ್ಕಳಿದಾವೆ ಮೇಡಂ.
ಎಷ್ಟು ಅಕ್ಷರ ಕೇಳಿದ್ರೆ ತಪ್ಪಾಗಲ್ಲ?"

ಏನೂ ಹೇಳಲು ತೋಚಲಿಲ್ಲ.
ಬಾಗಿಲು ತೆಗೆದೆ. ನಲವತ್ತೊಂಬತ್ತೂ
ಬೆಲ್ಲು ಹೊಡೆದ ಶಾಲೆಯಿಂದ ಹೊರಟ ಹಾಗೆ ಹೋದವು.

ತಿಂಗಳ ಕೊನೆಗೆ ಸಾಹೇಬರಿಗೆ ಲೆಕ್ಕ ಓದಿದೆ.
ದ ಮತ್ತು ನ, ಇವೆರಡರದೇ ಸಿಂಹಪಾಲು.
ಕಟ್ಟಕಡೆಯ ಸಾಲು: ಙ, ಒಂದು. ಎರಡು ಪೈಸೆ.
ಕನ್ನಡಕ ಹಣೆಗೇರಿಸಿದರು. "ಯಾವ ಅಂಗಡಿ?"
ಹೇಳಿದೆ.
ಚಹಾ ಆರುವವರೆಗೂ ಮಾತಿಲ್ಲ. ಆಮೇಲೆ,
"ಬಾಲ ಉದ್ದ ಆಗಿದೆ ಅದರದು. ಮಕ್ಕಳು ಅದನ್ನೇ ತಿದ್ತಾವೆ.
ವಾಪಸ್ ತರಿಸು, ಮೊಟಕು ಮಾಡಿಕೊಡ್ತೀನಿ."

ಕಳಿಸಿದ ಅಕ್ಷರವನ್ನು ಹಿಂದಕ್ಕೆ ಕರೆಸುವುದು ಹೇಗೆ?
ನನ್ನ ಯಂತ್ರಕ್ಕೆ ಗೊತ್ತಿಲ್ಲ.
ವಕೀಲರೇ, ಲೈನಿನಲ್ಲಿದ್ದೀರಾ?