ಎಣಿಕೆ

ನನ್ನ ಕೆಲಸಕ್ಕೆ ಕನ್ನಡದಲ್ಲಿ ಬಾಯ್ತುಂಬುವ ಹೆಸರಿಲ್ಲ.
ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಅಮ್ಮ
‘ಕೈ ಡಾಕ್ಟರು’ ಅಂತ ಹೇಳಿಟ್ಟಿದ್ದಾಳೆ.
ಮೇಲ್ಮಹಡಿಯ ಸುಗಂಧಕ್ಕ ಒಂದು ಭಾನುವಾರ
ಅಂಗೈ ಚಾಚಿ ಕೂತಳು
ಮುಂದೇನಿದೆ ನೋಡು ಎಂಬಂತೆ.

ಅಪ್ಪ ಮಾಟುಂಗಾದ ಹೋಟೆಲಿನ ಗಲ್ಲೆಯಲ್ಲಿ
ಇಪ್ಪತ್ತೇಳು ವರ್ಷ ಪರರ ದುಡ್ಡು ಎಣಿಸಿದವನು.
ಬ್ಯಾಂಕು ಸೇರು, ಅಂದಿದ್ದ,
ಅಲ್ಲೂ ಎಣಿಸುವುದೇ, ಆದರೆ ಏಸಿಯಲ್ಲಿ.

ನಾನು ಪರೇಲಿನ ದೊಡ್ಡಾಸ್ಪತ್ರೆಯಲ್ಲಿ ಕಲಿತೆ:
ಒಂದು ಗುಂಡಿ ಹಾಕುವುದಕ್ಕೆ ಎಷ್ಟು ಹೆಜ್ಜೆ,
ಬಾಯಿಗೆ ಬರುವ ಚಮಚ ಎಲ್ಲಿ ತಿರುವು ತೆಗೆದುಕೊಳ್ಳುತ್ತದೆ,
ಬಾಚಣಿಗೆಯ ಹಿಡಿಗೆ ಹಳೇ ಸೈಕಲ್ ಟ್ಯೂಬು ಸುತ್ತುವ ಬಗೆ.
ಒಂದಿಡೀ ದಿನ ಬಲಗೈ ಕಟ್ಟಿಕೊಂಡು ಬದುಕಿ ನೋಡಿರಿ ಅಂದರು.
ಸಾರು ಅಂಗಿಯ ಪಾಲಾಯಿತು. ಬಿದ್ದು ಬಿದ್ದು ನಕ್ಕೆವು.
ನಗಬಹುದಿತ್ತು ನಾವು,
ನಮ್ಮದು ಸಂಜೆಗೆ ಬಿಚ್ಚುವ ಗಂಟು.

ವರ್ಸೋವಾದ ಚಾಂಗುಣಾಬಾಯಿಯನ್ನು
ಮಗ ತೋಳು ಹಿಡಿದು ತಂದು ಕೂರಿಸಿದ.
ಲಕ್ವ ಹೊಡೆದ ಬಲಗೈ; ಹೆಬ್ಬೆರಳು
ಒಣ ಬೊಂಬಿಲಿನ ಹಾಗೆ ಮುರುಟಿ ಅಂಗೈಯೊಳಗೆ.
ಬಣ್ಣದ ಗೂಟಗಳ ಹಲಗೆ ಮುಂದಿಟ್ಟೆ.
‘ಇದನ್ನು ನನ್ನ ಮೊಮ್ಮಗನಿಗೆ ಕೊಡು.’
ಗುರಿ ಎಂಬ ಖಾನೆಯಲ್ಲಿ ಬರೆದದ್ದನ್ನು ಓದಿ ಹೇಳಿದೆ:
ಅಡಿಗೆಮನೆಯಲ್ಲಿ ಸ್ವಾವಲಂಬನೆ.
ಅರ್ಧ ಬಾಯಲ್ಲಿ ನಕ್ಕಳು, ಇನ್ನರ್ಧ ಬರಲಿಲ್ಲ.
‘ನಲವತ್ತು ವರ್ಷ ಬೇಯಿಸಿದ್ದೀನಿ ಪೋರಿ.
ದೇವರು ಈಗ ರಜೆ ಕೊಟ್ಟಿದ್ದಾನೆ,
ಅದನ್ನೂ ಕಿತ್ಕೋತೀಯಾ?’

ಇದು ಯಾವ ಪುಸ್ತಕದಲ್ಲೂ ಇರಲಿಲ್ಲ.
ಮತ್ತೇನು ಬೇಕು ನಿಮಗೆ?
ಬಾಗಿಲ ಕಡೆ ನೋಡಿದಳು. ಮಗ ಹೊರಗೆ ಫೋನಿನಲ್ಲಿದ್ದ.
‘ದುಡ್ಡು ಎಣಿಸಬೇಕು. ನಾನೇ.
ಎಷ್ಟಿದೆ ಅಂತ ಇನ್ನೊಬ್ಬರಿಗೆ ಕಾಣದ ಹಾಗೆ.’

ಬರೆದದ್ದು ಹೊಡೆದು ಹಾಕಿದೆ.
ನನ್ನ ಸ್ಟೈಪೆಂಡಿನಲ್ಲಿ ಹತ್ತರ ನೋಟು, ಮೂವತ್ತು,
ರಬ್ಬರ್ ಬ್ಯಾಂಡ್ ಹಾಕಿ ತಂದೆ.
ಮೊದಲ ವಾರ ಎರಡೆರಡು ಒಟ್ಟಿಗೇ ಅಂಟಿ ಬರುತ್ತಿದ್ದವು.
ಆಗ ಆ ಹೆಬ್ಬೆರಳಿಗೆ ಅವಳು ಬೈದದ್ದು
ಕೇಸ್ ಪೇಪರಿನಲ್ಲಿ ಬರೆಯುವಂಥದ್ದಲ್ಲ.
ಉಗುಳು ಹಚ್ಚಬೇಡಿ ಅಂದರೆ
‘ಮೀನಿನವಳಿಗೆ ಮಡಿ ಹೇಳಬೇಡ.’

ಆ ರಾತ್ರಿ ಅಪ್ಪನ ಹಳೇ ಸ್ಪಂಜಿನ ಬಟ್ಟಲು ಕೇಳಿದೆ.
ಯಾಕೆ ಅಂದ. ಹೇಳಿದೆ.
ಟೀವಿಯ ಸದ್ದು ತಗ್ಗಿಸಿದ,
ಬಹಳ ಹೊತ್ತು ತನ್ನ ಹೆಬ್ಬೆರಳನ್ನೇ ನೋಡಿಕೊಂಡ.
‘ಕಟ್ಟನ್ನು ನಡುವೆ ಮಡಿಚಿ ಹಿಡಿಯಲಿ.
ಬೆರಳು ಎಳೆಯಬಾರದು,
ನೋಟು ತಾನಾಗಿ ಹಾರಬೇಕು.’

ಹಾರಲು ಏಳು ವಾರ ಹಿಡಿಯಿತು.
‘ಇಪ್ಪತ್ತೊಂಬತ್ತು,’ ಅಂದಳು ಒಂದು ಮಂಗಳವಾರ.
ಮೂವತ್ತಿದೆ ಬಾಯಿ, ಇನ್ನೊಮ್ಮೆ.
‘ನೀನು ಎಣಿಸು.’
ಎಣಿಸಿದೆ. ಎರಡು ಸಲ.
ಬೆಳಿಗ್ಗೆ ಪರೇಲಿನ ಸೇತುವೆಯ ಬುಡದಲ್ಲಿ
ಚಹಾಕ್ಕೆಂದು ಒಂದನ್ನು ಎಳೆದದ್ದು
ಆಗ ನೆನಪಾಯಿತು.

ಅವಳು ಕಟ್ಟನ್ನು ಸಲೀಸಾಗಿ ರವಿಕೆಯೊಳಗೆ ಇಳಿಸಿ
ಎದ್ದು ಹೊರಟೇಬಿಟ್ಟಳು;
ಬಾಗಿಲಲ್ಲಿ ತುಸು ನಿಂತಳು, ಕರೆಯುತ್ತೇನೋ ಎಂದು.
ನಾನು ಬರೆಯುತ್ತಿದ್ದೆ:
ರೋಗಿ ತಾವೇ ಎಣಿಸಬಲ್ಲರು.
ಎಷ್ಟು ಎಂಬಲ್ಲಿ
ಖಾಲಿ ಬಿಟ್ಟೆ.